ಗಾಶ್ಪರ್ ಕೊಸ್ಮಾಚನ ಸಣ್ಣ ಸೊಂಟದ ಸ್ಕೀ

ಗಾಶ್ಪರ್ ಕೊಸ್ಮಾಚ್ ಅಹಂಕಾರಿ. ಇದನ್ನು ಮೆತ್ತಗೆ ಹೇಳುವ ದಾರಿಗಳೂ ಇವೆ. ಊರಿನವರು ಸ್ವಾಭಿಮಾನಿ ಅನ್ನುತ್ತಾರೆ, ಪಾದ್ರಿಗಳು ಗಟ್ಟಿ ಮನಸ್ಸಿನವನು ಅನ್ನುತ್ತಾರೆ. ನಾನು ನಲವತ್ತು ವರ್ಷ ಅವನ ಎದುರು ಮನೆಯಲ್ಲಿದ್ದವಳು, ನನಗೆ ಆ ದಾಕ್ಷಿಣ್ಯವಿಲ್ಲ. ಅವನು ಜಗತ್ತಿನಲ್ಲಿ ಯಾರಿಂದಲೂ ಏನನ್ನೂ ಕೇಳಿ ತಿಳಿದುಕೊಂಡವನಲ್ಲ. ಮದುವೆಯ ದಿನ ಚರ್ಚಿನ ಗಡಿಯಾರ ನಾಲ್ಕು ನಿಮಿಷ ಹಿಂದಿದೆ ಎಂದು ಪಾದ್ರಿಗೆ ಹೇಳಿ, ಏಣಿ ತರಿಸಿ, ಅದನ್ನು ಸರಿಮಾಡಿದ ಮೇಲೆಯೇ ಪೀಠದ ಮುಂದೆ ನಿಂತ ಮನುಷ್ಯ. ಗಡಿಯಾರ ನಿಜಕ್ಕೂ ನಾಲ್ಕು ನಿಮಿಷ ಹಿಂದಿತ್ತು ಎನ್ನುವುದು ಬೇರೆ ಮಾತು.

ಅವನ ಅಪ್ಪ ಗಾಡಿ ಚಕ್ರ ಮಾಡುತ್ತಿದ್ದ. ಚಳಿಗಾಲದಲ್ಲಿ ಆಶ್ ಮರದ ಹಲಗೆಗಳನ್ನು ಆವಿಯಲ್ಲಿ ಬಗ್ಗಿಸಿ ಊರಿಗೆಲ್ಲ ಸ್ಕೀ ಮಾಡಿಕೊಡುತ್ತಿದ್ದ. ಗಾಶ್ಪರ್ ಹದಿನೈದಕ್ಕೆ ನಮ್ಮ ಕಣಿವೆಯ ಸ್ಕೀ ಕಾರ್ಖಾನೆ ಸೇರಿದ. ಮೊದಲ ಹನ್ನೊಂದು ವರ್ಷ ಉಕ್ಕಿನ ಅಂಚುಗಳನ್ನು ಉಜ್ಜುವ ಪಟ್ಟಿಯ ಮುಂದೆ ನಿಂತ. ಎಡಗೈಯ ತೋರುಬೆರಳಿನ ತುದಿಯನ್ನು ಆ ಪಟ್ಟಿಗೇ ಕೊಟ್ಟ. ಉಳಿದ ಒಂಬತ್ತು ಬೆರಳುಗಳಲ್ಲಿ ಹೆಬ್ಬೆರಳೇ ಅವನ ಅಳತೆಗೋಲು. ಅಂಚಿನ ಮೇಲೆ ಅದನ್ನು ಒಮ್ಮೆ ಆಡಿಸಿ, ಮೊನೆಯಿಂದ ಇಂತಿಷ್ಟು ದೂರದಲ್ಲಿ ಅರದ ಉಜ್ಜು ಒಂದು ಎಳೆತ ಹೆಚ್ಚಾಗಿದೆ ಎಂದು ಹೇಳುತ್ತಿದ್ದ. ಪರೀಕ್ಷೆಯ ಯಂತ್ರ ತಂದ ಮೇಲೆ ಯಂತ್ರವೂ ಅದನ್ನೇ ಹೇಳಿತು. ಆಮೇಲೆ ಅವನನ್ನು ಹೊಸ ಮಾದರಿಗಳ ಕೋಣೆಗೆ ಹಾಕಿದರು. ಅಲ್ಲಿಗೆ ಅವನ ಅಹಂಕಾರಕ್ಕೆ ಕಾರ್ಖಾನೆಯ ಮೊಹರೂ ಬಿದ್ದಂತಾಯಿತು.

ನಾನು ಹೇಳಹೊರಟಿರುವ ಚಳಿಗಾಲದಲ್ಲಿ, ಹಳೆಯ ದೊಡ್ಡ ದೇಶದಿಂದ ಬೇರೆಯಾಗಿ ಬಂದ ನಮ್ಮ ದೇಶಕ್ಕೆ ಏಳು ತಿಂಗಳ ವಯಸ್ಸು. ಹಳೆಯ ಗಡಿಗಳ ಜೊತೆ ಕಾರ್ಖಾನೆಯ ಹಳೆಯ ಗಿರಾಕಿಗಳೂ ಹೋಗಿದ್ದರು. ಹೊಸದೇನಾದರೂ ಬೇಕು ಎಂದು ಎಲ್ಲರೂ ಹೇಳುತ್ತಿದ್ದರು. ಏನು ಎಂದು ಯಾರೂ ಹೇಳುತ್ತಿರಲಿಲ್ಲ. ಗಾಶ್ಪರ್ ಹೇಳಿದ.

ಅವನು ಕಂಡದ್ದು ಬಹಳ ಸರಳವಾದ ಸಂಗತಿ, ಹಾಗಾಗಿಯೇ ಯಾರಿಗೂ ಕಂಡಿರಲಿಲ್ಲ. ಸ್ಕೀ ಹಾಗೇ ಇತ್ತು, ಹಿಮ ಬದಲಾಗಿತ್ತು. ಅವನ ಅಪ್ಪನ ಕಾಲದ ಹಿಮ ಎಲ್ಲೋ ಮೆದು, ಎಲ್ಲೋ ಉಬ್ಬು, ಎಲ್ಲೋ ಕಲ್ಲು. ಉದ್ದನೆಯ, ನೇರವಾದ ಹಲಗೆ ಅದರ ಮೇಲೆ ದೋಣಿಯಂತೆ ತೇಲಬೇಕಿತ್ತು. ಈಗ ದಿನವೂ ಸಂಜೆ ರಾಟ್ರಾಕ್ ಯಂತ್ರ ಇಳಿಜಾರನ್ನು ಅದುಮಿ, ಹಿಂದೆ ಕಟ್ಟಿದ ಹಲ್ಲುಗಳಿಂದ ಬಾಚುತ್ತದೆ. ಬೆಳಿಗ್ಗೆ ಎಂಟಕ್ಕೆ ಹೋದರೆ ಇಡೀ ಬೆಟ್ಟ ಎಣ್ಣೆ ಹಚ್ಚಿ ಬಾಚಿದ ತಲೆ. ಗಟ್ಟಿ, ಸಮ, ಗೆರೆಗೆರೆ.

"ಮೇಜಿನ ಮೇಲೆ ದೋಣಿ ಯಾಕ್ರೀ ಬೇಕು?" ಎಂದ, ವಿಭಾಗದ ಮುಖ್ಯಸ್ಥ ಇಂಜಿನಿಯರ್ ಹ್ರೊವಾತ್‌ಗೆ. "ಮೇಜಿನ ಮೇಲೆ ಚಾಕು ಬೇಕು."

ನೇರ ಸ್ಕೀಯನ್ನು ತಿರುಗಿಸಬೇಕಾದರೆ ಹಿಮ್ಮಡಿಯಿಂದ ಹಿಂಭಾಗವನ್ನು ತಳ್ಳಬೇಕು. ಅದು ಅಡ್ಡಡ್ಡ ಜಾರುತ್ತದೆ, ಹಿಮವನ್ನು ಹೆರೆಯುತ್ತದೆ, ಹೆರೆದಷ್ಟೂ ವೇಗ ಸೋರುತ್ತದೆ. ಗಾಶ್ಪರನ ಲೆಕ್ಕ ಬೇರೆ. ಸ್ಕೀಯ ಮೊನೆಯನ್ನೂ ಬಾಲವನ್ನೂ ಅಗಲ ಮಾಡು, ಸೊಂಟವನ್ನು ಒಳಕ್ಕೆ ಕೊರೆ. ಅದನ್ನು ಅಂಚಿನ ಮೇಲೆ ಓರೆ ಮಾಡಿದಾಗ ಎರಡು ತುದಿಗಳು ಹಿಮ ಮುಟ್ಟುತ್ತವೆ, ನಡುವೆ ಖಾಲಿ. ಮೇಲೆ ನಿಂತವನ ಭಾರ ಆ ಖಾಲಿಯನ್ನು ತುಂಬಲು ನಡುಭಾಗವನ್ನು ಕೆಳಗೆ ಒತ್ತುತ್ತದೆ. ಹಲಗೆ ಬಿಲ್ಲಿನಂತೆ ಬಾಗುತ್ತದೆ. ಬಾಗಿದ ಅಂಚು ತಾನು ಕೊರೆದ ಗೆರೆಯಲ್ಲೇ ರೈಲಿನಂತೆ ಓಡುತ್ತದೆ. ತಳ್ಳುವುದು ಬೇಡ, ಹೆರೆಯುವುದು ಬೇಡ. ಓರೆ ಹೆಚ್ಚಿದಷ್ಟೂ ತಿರುವು ಬಿಗಿ.

ಮೊದಲ ಜೊತೆ ಸಿದ್ಧವಾದಾಗ ಕಾರ್ಖಾನೆಯ ಊಟದ ಕೋಣೆಯಲ್ಲಿ ಬಾರ್ಲಿ ಗಂಜಿಯ ತಟ್ಟೆಗಳ ನಡುವೆ ಅದು ಕೈಯಿಂದ ಕೈಗೆ ಹೋಯಿತು.

"ಏನೋ ಗಾಶ್ಪರ್, ಈ ಸೊಂಟ ನೋಡಿದ್ರೆ ಶನಿವಾರ ಕುಣಿಯೋಕೆ ಕರ್ಕೊಂಡ್ ಹೋಗ್ಬೇಕು ಅನ್ಸುತ್ತೆ!"

"ನಿನ್ ಜೊತೆ ಅದೂ ಬರಲ್ಲ ಬಿಡು" ಎಂದ ಗಾಶ್ಪರ್.

ಆ ಜೊತೆಯನ್ನು ಇಳಿಜಾರಿನಲ್ಲಿ ಪರೀಕ್ಷಿಸಿದವನು ಬೋಶ್ಟ್ಯಾನ್. ಹಿಂದೆ ಪಂದ್ಯಗಳಲ್ಲಿ ಓಡಿದವನು, ಆರಡಿ ಎರಡಂಗುಲ, ಈಗ ಕಾರ್ಖಾನೆಯ ಸಂಬಳದಲ್ಲಿ ಹೊಸ ಸ್ಕೀಗಳ ಮೇಲೆ ನಿಂತು ಒಳ್ಳೆಯದು ಕೆಟ್ಟದ್ದು ಹೇಳುವವನು. ಮೂರನೆಯ ತಿರುವಿನಲ್ಲಿ ಮೊನೆ ಹಿಮವನ್ನು ಕಚ್ಚಿತು, ನಡುಭಾಗ ಗಾಳಿಯಲ್ಲೇ ಉಳಿಯಿತು, ಮೊನೆ ತಿರುಚಿಕೊಂಡು ಹಿಡಿತ ಬಿಟ್ಟಿತು. ಬೋಶ್ಟ್ಯಾನ್ ಬೆನ್ನ ಮೇಲೆ ಜಾರುತ್ತಾ ಇಳಿಜಾರಿನ ಅಂಚಿನ ತಡೆಬಲೆಯವರೆಗೆ ಹೋದ. ಎರಡನೆಯ ಜೊತೆಯೂ ಹಾಗೆಯೇ ಎಸೆಯಿತು, ಈ ಸಲ ಎರಡನೆಯ ತಿರುವಿನಲ್ಲೇ.

ಹ್ರೊವಾತ್ ಒಳ್ಳೆಯ ಮನುಷ್ಯ, ಆದರೆ ಅವನ ತಲೆಯ ಮೇಲೂ ಜನರಿದ್ದರು. "ನೋಡು ಗಾಶ್ಪರ್, ಇನ್ನೊಂದೇ ಒಂದು ಜೊತೆ. ಮುಂದಿನ ಶನಿವಾರ. ಹಳೇ ಮಾದರಿಯ ಎದುರು ಓಡಿಸ್ತೀವಿ. ಚೆನ್ನಾಗಿದ್ರೆ ಸಾವಿರಗಟ್ಟಲೆ ತೆಗೆಯೋಕೆ ಉಕ್ಕಿನ ಅಚ್ಚು ಮಾಡಿಸ್ತೀನಿ. ಇಲ್ಲಾಂದ್ರೆ ಮಾದರಿ ಕೋಣೆ ಮುಚ್ತಾರೆ, ನೀನು ಮತ್ತೆ ಉಜ್ಜೋ ಪಟ್ಟಿಗೆ."

ಐವತ್ತೊಂದು ವರ್ಷದವನನ್ನು ಹದಿನೈದರ ಹುಡುಗ ನಿಂತಿದ್ದ ಜಾಗಕ್ಕೆ ಕಳಿಸುವ ಮಾತು ಅದು.

ಅವನು ಮಾಡಿದ ತಪ್ಪು ಏನೆಂದು ಈಗ ಯಾರಿಗಾದರೂ ಹೇಳಿದರೆ ನಗುತ್ತಾರೆ. ಆಗ ನಮ್ಮಲ್ಲಿ ಅದು ತಪ್ಪೇ ಆಗಿರಲಿಲ್ಲ, ಧರ್ಮವಾಗಿತ್ತು. ಗಂಡಸಾದವನು ಕೈಯನ್ನು ನೇರ ಮೇಲೆತ್ತಿ ನಿಂತರೆ ಸ್ಕೀ ಅವನ ಮಣಿಕಟ್ಟನ್ನು ಮುಟ್ಟಬೇಕು. ಅಂಗಡಿಯಲ್ಲಿ ಹಾಗೇ ಅಳೆಯುತ್ತಿದ್ದರು. ಅದಕ್ಕಿಂತ ಗಿಡ್ಡದ್ದು ಮಕ್ಕಳಿಗೆ, ಜರ್ಮನ್ ಪ್ರವಾಸಿಗಳಿಗೆ. ಗಾಶ್ಪರ್ ಸ್ಕೀಯ ಎಲ್ಲವನ್ನೂ ಪ್ರಶ್ನಿಸಿದ್ದ, ಮಣಿಕಟ್ಟನ್ನು ಮಾತ್ರ ಪ್ರಶ್ನಿಸಿರಲಿಲ್ಲ. ಎರಡು ಮೀಟರ್ ಮೂರು ಸೆಂಟಿಮೀಟರ್ ಉದ್ದದ ಹಲಗೆಗೆ ಆಳವಾದ ಸೊಂಟ ಕೊರೆದಿದ್ದ. ಅಷ್ಟುದ್ದದ ಮೊನೆ ಪಟಪಟ ಹೊಡೆದುಕೊಳ್ಳಬಾರದೆಂದು ಹಲಗೆಯನ್ನು ಗಡುಸು ಮಾಡಿದ್ದ. ಗಡುಸಾದ ಹಲಗೆ ಬಾಗುವುದಿಲ್ಲ. ಬಾಗದಿದ್ದರೆ ಸೊಂಟ ಇದ್ದೂ ಪ್ರಯೋಜನವಿಲ್ಲ.

ಇದನ್ನು ಮೊದಲು ಹೇಳಿದವಳು ಅವನ ಹೆಂಡತಿ ಶ್ಟೆಫ್ಕಾ. ಅದೇ ಕಾರ್ಖಾನೆಯಲ್ಲಿ ಗಾಜಿನ ನೂಲಿನ ಬಟ್ಟೆಯನ್ನು ಪದರ ಪದರವಾಗಿ ಹಾಸಿ ಅಂಟು ಹಚ್ಚುವ ಹೆಂಗಸರ ಸಾಲಿನಲ್ಲಿದ್ದಳು. ಐದಡಿ ಒಂದಂಗುಲ, ನಾಲಿಗೆ ಅದಕ್ಕಿಂತ ಉದ್ದ. ಆ ಭಾನುವಾರ ನಾನು ಅವರ ಅಡುಗೆಮನೆಯಲ್ಲಿದ್ದೆ. ಹತ್ತಿರದ ಪಟ್ಟಣದ ಪ್ರೌಢಶಾಲೆಯಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದೆನಾದ್ದರಿಂದ ಗಾಶ್ಪರ್ ನನ್ನನ್ನು ಕರೆಸಿದ್ದ. ಏನಾದರೂ ಕೇಳುವುದಕ್ಕಲ್ಲ. ನನ್ನ ಶಾಸ್ತ್ರ ತಪ್ಪು ಎಂದು ಹೇಳುವುದಕ್ಕೆ.

"ಪ್ರೊಫೆಸರಮ್ಮ, ನಿಮ್ಮ ಸೂತ್ರದ ಪ್ರಕಾರ ಇದು ತಿರುಗಬೇಕು. ತಿರುಗ್ತಿಲ್ಲ. ನಿಮ್ಮ ಸೂತ್ರ ಸುಳ್ಳು."

"ಸೂತ್ರ ನನ್ನದಲ್ಲ. ಉದ್ದ ಎಷ್ಟು, ಹೇಳು."

ಹಿಮ ಮುಟ್ಟುವ ಉದ್ದವನ್ನು ಅದರಿಂದಲೇ ಗುಣಿಸಿ, ಸೊಂಟದ ಆಳದ ಎಂಟರಷ್ಟರಿಂದ ಭಾಗಿಸಿದರೆ, ಅಂಚು ಯಾವ ವೃತ್ತದ ತುಂಡೋ ಅದರ ತ್ರಿಜ್ಯ ಸಿಗುತ್ತದೆ. ಹಳೆಯ ನೇರ ಸ್ಕೀಗೆ ಅರವತ್ತೊಂದು ಮೀಟರ್ ಬಂತು. ಅವನು ಎರಡು ಸೆಂಟಿಮೀಟರ್ ಕೊರೆದದ್ದಕ್ಕೆ ಇಪ್ಪತ್ತೊಂದು. ಅದೇ ಆಳವನ್ನು ಗಿಡ್ಡ ಹಲಗೆಯಲ್ಲಿ, ಹಿಮ ಮುಟ್ಟುವುದು ಒಂದೂವರೆ ಮೀಟರ್ ಮಾತ್ರ ಎಂದು ಇಟ್ಟುಕೊಂಡರೆ ಹದಿನಾಲ್ಕು.

"ಗಿಡ್ಡ!" ಎಂದ ಗಾಶ್ಪರ್. ಬೈಗುಳದಂತೆ ಹೇಳಿದ.

ಒಲೆಯ ಕಡೆಯಿಂದ ಶ್ಟೆಫ್ಕಾ ತಿರುಗಲೂ ಇಲ್ಲ. "ನಿನ್ನ ಮಣಿಕಟ್ಟಿಗೂ ಹಿಮಕ್ಕೂ ಏನಯ್ಯಾ ಸಂಬಂಧ? ಹಿಮಕ್ಕೆ ನೀನು ಕೈ ಎತ್ತಿದ್ದು ಕಾಣುತ್ತಾ?"

"ಗಿಡ್ಡ ಆದ್ರೆ ಮೊನೆ ತಿರುಚಿಕೊಳ್ಳುತ್ತೆ. ಮೆತ್ತಗೆ ಮಾಡಿದ್ರೆ ಇನ್ನೂ ತಿರುಚಿಕೊಳ್ಳುತ್ತೆ."

"ಬಟ್ಟೆ ಓರೆಯಾಗಿ ಹಾಸು."

"ಏನು?"

"ನನ್ನ ಲಂಗ ಓರೆ ಕತ್ತರಿಸಿದ್ದಲ್ವಾ? ಉದ್ದಕ್ಕೆ ಎಳೆದ್ರೆ ಜಗ್ಗುತ್ತೆ. ಗಾಜಿನ ಬಟ್ಟೆನೂ ನೇರ ಹಾಸೋ ಬದಲು ಓರೆ ಹಾಸಿದ್ರೆ ಉದ್ದಕ್ಕೆ ಬಾಗುತ್ತೆ, ತಿರುಚೋಕೆ ಹೋದ್ರೆ ನೂಲು ಬಿಗಿಯಾಗಿ ಹಿಡ್ಕೊಳ್ಳುತ್ತೆ. ಇಪ್ಪತ್ತು ವರ್ಷದಿಂದ ಹಾಸ್ತಿದೀನಿ, ನನ್ನ ಕೈಗೆ ಗೊತ್ತು."

ನನಗೆ ಕುರ್ಚಿಯಿಂದ ಏಳಬೇಕೆನಿಸಿತು. ಅವಳು ಹೇಳಿದ್ದು ಪೂರ್ತಿ ಸರಿ. ಬಾಗುವುದಕ್ಕೆ ಮೆದು, ತಿರುಚುವುದಕ್ಕೆ ಗಡುಸು: ಅಚ್ಚುಕಟ್ಟಾಗಿ ಬಾಚಿದ ಗಟ್ಟಿ ಹಿಮದ ಮೇಲೆ ಅಂಚು ಹಿಡಿದು ನಿಲ್ಲಲು ಬೇಕಾದದ್ದು ಅಷ್ಟೇ. ನಾನು ಅದನ್ನು ಹೇಳಿದೆ. ಗಾಶ್ಪರ್ ಟೊಪ್ಪಿಗೆ ಹಾಕಿಕೊಂಡು ಹೊರಗೆ ಹೋಗಿ ಸೌದೆ ಒಡೆದ. ಬೇಕಾದ್ದಕ್ಕಿಂತ ಬಹಳ ಹೆಚ್ಚು ಒಡೆದ.

ಸೋಮವಾರ ಕೆಲಸದ ಪಾಳಿ ಮುಗಿದ ಮೇಲೆ ಗಂಡ ಹೆಂಡತಿ ಇಬ್ಬರೂ ಮಾದರಿ ಕೋಣೆಯಲ್ಲಿ ನಿಂತರು. ಮರದ ಅಚ್ಚನ್ನು ಒಂದು ಮೀಟರ್ ಅರವತ್ತೆಂಟಕ್ಕೆ ಕತ್ತರಿಸಿದ. ಅವಳು ಬಟ್ಟೆಯನ್ನು ಓರೆಯಾಗಿ ಹಾಸಿದಳು, ಒಂದು ಪದರ ಎಡಕ್ಕೆ, ಒಂದು ಪದರ ಬಲಕ್ಕೆ. ಗುರುವಾರ ಹೊತ್ತಿಗೆ ಜೊತೆ ಪ್ರೆಸ್ಸಿನಿಂದ ಹೊರಬಂತು. ಶುಕ್ರವಾರ ಅವನು ಅಂಚುಗಳನ್ನು ಕೈಯಾರೆ ಅರದಲ್ಲಿ ಉಜ್ಜಿದ. ಹ್ರೊವಾತ್ ಬಂದು, ಗಿಡ್ಡ ಮಾಡುವ ಯೋಚನೆ ಎಲ್ಲಿಂದ ಬಂತು ಎಂದು ಕೇಳಿದಾಗ, "ಮೊದಲಿಂದ್ಲೂ ಇತ್ತು" ಎಂದನಂತೆ. ಪಕ್ಕದಲ್ಲೇ ಶ್ಟೆಫ್ಕಾ ಕೈಗವಸಿನ ಅಂಟು ಕೆರೆಯುತ್ತಿದ್ದಳು. ಇದನ್ನು ನನಗೆ ಹೇಳಿದವಳು ಅವಳೇ. ನಗುತ್ತಾ ಹೇಳಿದಳು; ನನಗೆ ನಗು ಬರಲಿಲ್ಲ.

ಶನಿವಾರ ಬೆಳಿಗ್ಗೆ ಎಂಟಕ್ಕೆ ಸೊನ್ನೆಗಿಂತ ಒಂಬತ್ತು ಡಿಗ್ರಿ ಕೆಳಗೆ. ಗಾಳಿಯಿಲ್ಲ. ಇಳಿಜಾರಿನ ಮೇಲೆ ರಾಟ್ರಾಕಿನ ಗೆರೆಗಳು ಒಂದೂ ಅಳಿಸಿರಲಿಲ್ಲ. ಬಾವುಟ ಕಟ್ಟಿದ ಹದಿನಾಲ್ಕು ಕಂಬಗಳನ್ನು ನೆಟ್ಟಿದ್ದರು. ನನ್ನ ಬಳಿ ಓಟದ ಸಮಯ ಅಳೆಯುವ, ಶಾಲೆಯ ಎರಡು ಒಳ್ಳೆಯ ಗಡಿಯಾರಗಳಿದ್ದವು ಎಂಬ ಕಾರಣಕ್ಕೆ ಹ್ರೊವಾತ್ ನನ್ನನ್ನು ಕರೆಸಿದ್ದ. ಮೇಲೆ, ಜನರನ್ನು ಹಗ್ಗದಿಂದ ಬೆಟ್ಟಕ್ಕೆ ಎಳೆಯುವ ಲಿಫ್ಟ್ ನಡೆಸುವವನು ಬಾವುಟ ಇಳಿಸಿದಾಗ ಒತ್ತುವುದು, ಕೊನೆಯ ಗೆರೆ ದಾಟಿದಾಗ ಮತ್ತೆ ಒತ್ತುವುದು, ಇಷ್ಟೇ ನನ್ನ ಕೆಲಸ. ಕಾರ್ಖಾನೆಯ ಮೂವತ್ತು ಜನ ಇಳಿಜಾರಿನ ಬುಡದ ಗುಡಿಸಲಿನ ಮುಂದೆ ರಮ್ ಹಾಕಿದ ಚಹಾ ಹಿಡಿದು ನಿಂತಿದ್ದರು.

ಬೋಶ್ಟ್ಯಾನ್ ಮೊದಲು ಹಳೆಯ ಉದ್ದ ಸ್ಕೀಗಳ ಮೇಲೆ ಬಂದ. ಚೆನ್ನಾಗಿಯೇ ಬಂದ, ಎರಡು ಮೊಣಕಾಲು ಒಂದೇ ಷರಾಯಿಯಲ್ಲಿರುವಂತೆ ಅಂಟಿಸಿಕೊಂಡು, ಪ್ರತಿ ತಿರುವಿಗೂ ಹಿಮದ ಪುಡಿ ಚಿಮ್ಮಿಸುತ್ತಾ. ನಮ್ಮ ಕಣಿವೆಯಲ್ಲಿ ಅದೇ ಸೌಂದರ್ಯ. ಕಾಲು ಅಗಲಿಸಿ ನಿಂತರೆ ಕಲಿಯುವ ಕೂಸು ಎಂದರ್ಥ. ಮೂವತ್ತೆರಡು ಸೆಕೆಂಡು, ಮೇಲೆ ನಾಲ್ಕು ಹತ್ತನೆಯ ಭಾಗ.

ಗಾಶ್ಪರ್ ಹೊಸ ಜೊತೆಯನ್ನು ಚೀಲದಿಂದ ತೆಗೆದು ಅವನ ಮುಂದೆ ನಿಲ್ಲಿಸಿದ. ಅದು ಬೋಶ್ಟ್ಯಾನನ ಮೂಗಿಗೂ ಬರಲಿಲ್ಲ. ಗುಡಿಸಲಿನ ಮುಂದೆ ನಗು ಎದ್ದಿತು.

"ಉಳಿದರ್ಧ ಎಲ್ಲಿ ಮಾಸ್ಟರ್? ಮನೇಲಿ ಮರೆತು ಬಂದ್ರಾ?" ಎಂದ ಬೋಶ್ಟ್ಯಾನ್.

"ಹಾಕ್ಕೋ" ಎಂದ ಗಾಶ್ಪರ್.

"ನಾನಾ? ನನ್ನ ಮಗಳಿಗೆ ಏಳು ವರ್ಷ, ಅವಳಿಗೆ ಕೊಡಿ. ಎರಡು ಸಲ ಬೆನ್ನು ಮುರಿಸಿದ್ದು ಸಾಕು, ಈಗ ಮಾನಾನೂ ತೆಗೀಬೇಡಿ."

ಹ್ರೊವಾತ್ ಕೈಗಡಿಯಾರ ನೋಡಿದ. ಓಡಿಸುವವನು ಓಡಿಸದಿದ್ದರೆ ಪರೀಕ್ಷೆಯಿಲ್ಲ, ಪರೀಕ್ಷೆಯಿಲ್ಲದಿದ್ದರೆ ಅಚ್ಚಿಲ್ಲ. ಗಾಶ್ಪರನ ಮುಖ ನೋಡಿದೆ. ಅವನು ಬೋಶ್ಟ್ಯಾನನನ್ನು ಬೇಡಿಕೊಳ್ಳಬಹುದಿತ್ತು. ಬೇಡಿಕೊಳ್ಳುವುದಿಲ್ಲ ಎಂದು ನನಗೆ ಗೊತ್ತಿತ್ತು. ಮಾದರಿ ಕೋಣೆ ಮುಚ್ಚಿದರೂ, ಉಜ್ಜುವ ಪಟ್ಟಿಯ ಮುಂದೆ ಸತ್ತರೂ ಬೇಡಿಕೊಳ್ಳುವುದಿಲ್ಲ.

"ಕೊಡಿ ಇಲ್ಲಿ" ಎಂದಳು ಶ್ಟೆಫ್ಕಾ.

ಶನಿವಾರವಾದ್ದರಿಂದ ಅವಳು ತನ್ನ ಸ್ಕೀ ಬೂಟಿನಲ್ಲೇ ಬಂದಿದ್ದಳು. ವಯಸ್ಸು ನಲವತ್ತೆರಡು, ಪಂದ್ಯದ ಕಂಬಗಳ ನಡುವೆ ಒಮ್ಮೆಯೂ ಇಳಿದವಳಲ್ಲ.

"ಶ್ಟೆಫ್ಕಾ, ಬೇಡಮ್ಮ, ಬಿದ್ರೆ ಕಾಲು ಹೋಗುತ್ತೆ" ಎಂದ ಹ್ರೊವಾತ್.

"ಸೋಮವಾರ ನಾನು ಅಂಟು ಹಚ್ಚೋದು ಕೈಯಲ್ಲಿ, ಇಂಜಿನಿಯರ್ರೇ. ಕಾಲಲ್ಲಲ್ಲ."

ಗಾಶ್ಪರ್ ಮಂಡಿಯೂರಿ ಕುಳಿತು, ಬೂಟು ಹಿಡಿಯುವ ಕಟ್ಟುಗಳನ್ನು ಸ್ಕ್ರೂಡ್ರೈವರಿನಲ್ಲಿ ಅವಳ ಅಳತೆಗೆ ಹೊಂದಿಸಿದ. ಅವಳು ಲಿಫ್ಟಿನ ಹಗ್ಗ ಹಿಡಿದು ಮೇಲೆ ಹೋದಳು, ಸಣ್ಣದಾಗುತ್ತಾ, ಕೆಂಪು ಟೊಪ್ಪಿಗೆಯಷ್ಟೇ ಉಳಿಯುವವರೆಗೆ.

ಬಾವುಟ ಇಳಿಯಿತು. ಒತ್ತಿದೆ.

ಮೊದಲ ಕಂಬದಲ್ಲಿ ಅವಳು ಎಲ್ಲರಂತೆ ಮೊಣಕಾಲು ಜೋಡಿಸಿ ತಿರುಗಲು ಹೋದಳು. ಅಗಲವಾದ ಎರಡು ಮೊನೆಗಳು ಒಂದರ ಮೇಲೊಂದು ಹತ್ತಿದವು. ಅವಳು ತೂಗಾಡಿದಳು, ಗುಡಿಸಲಿನ ಮುಂದೆ ಯಾರೋ "ಹೋಯ್ತು!" ಎಂದರು. ಹೋಗಲಿಲ್ಲ. ಬೀಳದಿರಲು ಕಾಲುಗಳನ್ನು ಅಗಲಿಸಿದಳು, ಕಾಲುವೆ ದಾಟುವ ಹೆಂಗಸಿನಂತೆ. ಅಷ್ಟೇ ಸಾಕಾಯಿತು. ಎರಡು ಸ್ಕೀಗಳೂ ಒಟ್ಟಿಗೆ ಓರೆಯಾದವು, ಒಟ್ಟಿಗೆ ಬಾಗಿದವು. ಹಿಮದ ಪುಡಿ ಏಳಲೇ ಇಲ್ಲ! ಸದ್ದೇ ಬದಲಾಯಿತು. ಹೆರೆಯುವ ಕರಕರ ಹೋಗಿ, ರೇಷ್ಮೆ ಸೀಳಿದಂಥ ಒಂದೇ ಉದ್ದನೆಯ ಸದ್ದು. ಮೂರನೆಯ ಕಂಬ, ನಾಲ್ಕನೆಯದು, ಐದನೆಯದು. ಪ್ರತಿ ತಿರುವೂ ಅವಳನ್ನು ಮುಂದಿನ ತಿರುವಿಗೆ ಎಸೆಯುತ್ತಿತ್ತು. ಬಾಗಿದ ಬಿಲ್ಲು ನೇರವಾಗುವಾಗ ಹಾಗೆ ಎಸೆಯಲೇಬೇಕು, ಅದು ನನಗೆ ಗೊತ್ತಿತ್ತು. ಅವಳ ಹಿಂದೆ ಬಾಚಿದ ಬಿಳಿಯ ಮೇಲೆ ಎರಡು ಗೆರೆ, ಪೆನ್ಸಿಲಿನಷ್ಟು ಸಣ್ಣ, ಎಲ್ಲೂ ಕೆದರದೆ.

"ಅಯ್ಯೋ ದೇವರೇ, ಅವಳನ್ನ ನೋಡ್ರೋ!" ಅಂಟು ಸಾಲಿನ ಹೆಂಗಸರು ಚಹಾ ಚೆಲ್ಲಿಕೊಂಡು ಕಿರುಚುತ್ತಿದ್ದರು. "ನುಗ್ಗು ಶ್ಟೆಫ್ಕಾ, ನುಗ್ಗು!"

ಕೊನೆಯ ಗೆರೆ. ಒತ್ತಿದೆ. ಮೂವತ್ಮೂರು ಸೆಕೆಂಡು, ಎರಡು ಹತ್ತನೆಯ ಭಾಗ.

ಎರಡನೆಯ ಗಡಿಯಾರ ಹ್ರೊವಾತನ ಕೈಯಲ್ಲಿತ್ತು. ಅವನು ನನ್ನದನ್ನು ನೋಡಿದ, ತನ್ನದನ್ನು ನೋಡಿದ. ಹಳೆಯ ಪಂದ್ಯಗಾರನಿಗಿಂತ ಅಂಟು ಹಚ್ಚುವ ಹೆಂಗಸು ಒಂದು ಸೆಕೆಂಡೂ ಹಿಂದಿಲ್ಲ, ಅದೂ ಮೊದಲ ಕಂಬದಲ್ಲಿ ತೂಗಾಡಿ.

ಬೋಶ್ಟ್ಯಾನ್ ಆಗಲೇ ತನ್ನ ಉದ್ದ ಸ್ಕೀ ಕಳಚಿದ್ದ. "ನಂಗೆ ಕೊಡಿ. ಈಗ್ಲೇ. ಮಾಸ್ಟರ್, ಕಟ್ಟು ದೊಡ್ಡದು ಮಾಡಿ, ಬೇಗ!"

"ಮಗಳಿಗಲ್ವಾ ಬೇಕಿದ್ದು?" ಎಂದಳು ಶ್ಟೆಫ್ಕಾ, ಏದುಸಿರು ಬಿಡುತ್ತಾ.

"ಮಗಳು ಕಾಯ್ಲಿ."

ಅವನು ಕಾಲು ಅಗಲಿಸಿ ಬಂದ, ಆರಡಿ ಎರಡಂಗುಲದ ದೇಹ ತಿರುವಿನೊಳಕ್ಕೆ ಎಷ್ಟು ವಾಲಿತ್ತೆಂದರೆ ಒಳಗಿನ ಕೈ ಹಿಮವನ್ನು ಸವರುತ್ತಿತ್ತು. ಒಂಬತ್ತನೆಯ ಕಂಬದಿಂದ ಕೆಳಗಿನವರೆಗೂ ಕೂಗುತ್ತಲೇ ಬಂದ. ಮೂವತ್ತು ಸೆಕೆಂಡು, ಒಂಬತ್ತು ಹತ್ತನೆಯ ಭಾಗ. ಅವನ ಹಳೆಯ ಓಟಕ್ಕಿಂತ ಒಂದೂವರೆ ಸೆಕೆಂಡು ಕಡಿಮೆ. ಪಂದ್ಯಗಳಲ್ಲಿ ಜನ ಅದರ ಹತ್ತನೆಯ ಒಂದು ಭಾಗಕ್ಕಾಗಿ ಅಳುತ್ತಾರೆ. ಬೋಶ್ಟ್ಯಾನ್ ಹಿಮದ ಮೇಲೆ ಅಂಗಾತ ಬಿದ್ದುಕೊಂಡು ನಗುತ್ತಿದ್ದ.

"ಅಚ್ಚು ಮಾಡಿಸ್ತೀನಿ" ಎಂದ ಹ್ರೊವಾತ್. "ಸೋಮವಾರವೇ."

ಆಮೇಲಿನ ಗದ್ದಲವನ್ನು ವರ್ಣಿಸುವುದಿಲ್ಲ. ಟೊಪ್ಪಿಗೆಗಳು ಹಾರಿದವು, ನನ್ನದೂ ಯಾರೋ ಹಾರಿಸಿದರು. ಆದರೆ ಸಂಭ್ರಮಕ್ಕೆಂದು ತಂದಿದ್ದ ಬಾಟಲಿ ತೆರೆಯಲಿಲ್ಲ. ನಮ್ಮ ಕಾರ್ಖಾನೆಯ ರೂಢಿಯ ಪ್ರಕಾರ ಹೊಸ ಮಾದರಿ ಒಪ್ಪಿಗೆಯಾದ ದಿನ ಅದನ್ನು ಮಾಡಿದ ಮಾಸ್ಟರ್ ಅದರ ಮೇಲೆ ಒಮ್ಮೆ ಇಳಿದು ಬರಬೇಕು. ಅವನು ಬರುವವರೆಗೆ ಯಾರೂ ಆ ಬಾಟಲಿ ಮುಟ್ಟುವಂತಿಲ್ಲ.

"ಮಾಸ್ಟರ್! ಮಾಸ್ಟರ್! ಗಂಟಲು ಒಣಗ್ತಿದೆ!"

ಗಾಶ್ಪರ್ ಮೂರನೆಯ ಸಲ ಕಟ್ಟುಗಳನ್ನು ಬದಲಿಸಿದ, ಈಗ ತನ್ನ ಬೂಟಿಗೆ. ಇಡೀ ಕಣಿವೆಯಲ್ಲಿ ಅವನಷ್ಟು ಚೆಂದವಾಗಿ ಮೊಣಕಾಲು ಜೋಡಿಸಿ ಇಳಿಯುವವರು ಇರಲಿಲ್ಲ. ಅವನು ಇಳಿಯುವಾಗ ಲಿಫ್ಟಿನ ಸಾಲಿನಲ್ಲಿದ್ದವರು ತಿರುಗಿ ನೋಡುತ್ತಿದ್ದರು. ಅವನಿಗೂ ಅದು ಗೊತ್ತಿತ್ತು. ಸ್ಕೀ ಹಾಕಿಕೊಂಡು ನಿಂತ. ಕಾಲುಗಳು ತಮ್ಮಷ್ಟಕ್ಕೇ ಒಂದಕ್ಕೊಂದು ಅಂಟಿಕೊಂಡವು, ಮೂವತ್ತೈದು ವರ್ಷದ ಅಭ್ಯಾಸ. ಅವನು ಕೆಳಗೆ ತನ್ನ ಕಾಲುಗಳನ್ನು ನೋಡಿದ. ಲಿಫ್ಟಿನ ಕಡೆ ಹೋಗಲಿಲ್ಲ. ಮೂವತ್ತು ಜನ ಕಾಯುತ್ತಿದ್ದರು. ಹಾಗೇ ಹೋಗಿ ಹಳೆಯ ರೀತಿಯಲ್ಲಿ ಜಾರಿಸಿಕೊಂಡು ಬಂದಿದ್ದರೂ ಆ ದಿನ ಯಾರೂ ಒಂದು ಮಾತು ಆಡುತ್ತಿರಲಿಲ್ಲ.

ಅವನು ಹೆಂಡತಿಯ ಕಡೆ ತಿರುಗಿದ.

"ಎಷ್ಟಗಲ?"

ಶ್ಟೆಫ್ಕಾಗೆ ಮೊದಲು ಅರ್ಥವಾಗಲಿಲ್ಲ. "ಏನು ಎಷ್ಟಗಲ?"

"ಕಾಲು. ಎಷ್ಟಗಲ ಇಟ್ಕೋಬೇಕು?" ಎಲ್ಲರಿಗೂ ಕೇಳುವಷ್ಟು ಜೋರಾಗಿಯೇ ಕೇಳಿದ.

ಅವಳು ನಗಲಿಲ್ಲ. ಬಗ್ಗಿ, ಅವನ ಎರಡು ಬೂಟುಗಳ ನಡುವೆ ತನ್ನ ಕೈಗವಸಿನ ಮುಷ್ಟಿಗಳೆರಡನ್ನು ಒಂದರ ಪಕ್ಕ ಒಂದು ಇಟ್ಟು, "ಇಷ್ಟು" ಎಂದಳು.

ಅವನು ಕಾಲುಗಳನ್ನು ಅಷ್ಟೇ ಅಗಲಕ್ಕೆ ಸರಿಸಿ ನಿಂತ.